ಚಂದದ ಭಾಷಣ ಮಾಡಿ ಹೋದವರಿಗೆ

ರಾಮದುರ್ಗ
೧೨ ನವೆಂಬರ್ ೧೯೭೪, ಮಂಗಳವಾರ

ಪುಣೆಯ ಶ್ರೀ ಬೀರಪ್ಪ ಪ್ರೊಫೆಸರ್ ಸಾಹೇಬರಿಗೆ, ಹೆಂಡತಿ ರಾಮವ್ವನ ನಮಸ್ಕಾರ.

ಗಂಡನ ಹೆಸರು ಬರೀಬಾರದಂತ, ಬರದೇನಿ. ಆರಾಮ ಅದೀರಲ್ಲ? ನೆಗಡಿ ಕಡಿಮಿ ಆತೇನು? ಭಾಷಣದಾಗ ಎರಡು ಸಲ ಸೀನಿದ್ರಿ. ತುಳಸಿ ಕಷಾಯ ಕುಡೀರಿ. ನಿಮ್ಮ ಅವ್ವ ಆರಾಮ ಅದಾರ. ಮಲಪ್ರಭಾ ನೀರು ಇಳದದ, ದಂಡ್ಯಾಗ ಬದನಿ ಹಚ್ಯಾರ. ಇನ್ನ ನಿಮ್ಮ ಪತ್ರದ ಮಾತು. ಸಭಾದಾಗ ನಿಮ್ಮ ಮಾನ ಕಳದೆನಂತ, ಕ್ಷಮಾ ಕೇಳಿ ಚಚಡಿಗೆ, ತವರಿಗೆ, ಹೋಗಿ ಇರಬೇಕಂತ. ಅಕ್ಷರ ಬಾಳ ಚಂದ ಅದಾವ. ಎರಡು ಸಲ ಓದಿ ನಕ್ಕೆ.

ನಮ್ಮೂರ ಸಾಲಿ ಹಾಲ್‌ನಾಗ ಹಿಂದ ಕುಂತು ನಿಮ್ಮ ಭಾಷಣ ಪೂರಾ ಕೇಳೇನಿ. ಸಾವಿರದ ಏಳನೂರು ವರ್ಷದ ಹಿಂದ ರೋಮಿನಾಗ ಒಬ್ಬ ಜ್ಞಾನಿ ಇದ್ನಂತ. ಚಂದ ಅಂದ್ರ ಬರೇ ಅಳತಿ ಅಲ್ಲ, ಸತ್ತ ಮುಖಕ್ಕೂ ಅದೇ ಅಳತಿ ಇರತದ, ಒಳಗಿನ ಬೆಳಕು ಹೋಗಿರತದ ಅಂದ್ನಂತ. ಇದನ್ನ ಹೇಳುವಾಗ ನಿಮ್ಮ ಕಣ್ಣಾಗ ನೀರು ಬಂತು. ಆಮ್ಯಾಲೆ ಪಾದ್ರಿಗಳು ಬಂದ್ರು, ಚಂದ ಎಲ್ಲಾ ದೇವರಿಂದ ಇಳದದ್ದು ಅಂದ್ರು. ಜರ್ಮನಿಯವ ಒಬ್ಬ ಬಂದ, ನನಗ ಬೇಕು ಅನ್ನೂದನ್ನ ಬಿಟ್ಟು ನೋಡಿದ್ರ ಮಾತ್ರ ಚಂದ ಕಾಣತದ ಅಂದ. ಈಗಿನವರು ಕುರೂಪದಾಗೂ ಚಂದ ಹುಡುಕತಾರಂತ. ಮಂದಿ ಚಪ್ಪಾಳಿ ಹೊಡದ್ರು, ನಾನೂ ಹೊಡದೆ. ಖರೇ ಹೇಳತೇನಿ, ಒಂದು ಗಳಿಗಿ ನಿಮ್ಮ ಮ್ಯಾಲೆ ಅಭಿಮಾನ ಬಂದಿತ್ತು.

ಆಮ್ಯಾಲೆ ಚಹಾ ತಂದೆ. ಬೆಳಗಾವಿಯಿಂದ ಬಂದ ಅಧ್ಯಕ್ಷರು "ಈ ತಾಯಿ ಯಾರ್ರೀ?" ಅಂದ್ರು. ನೀವು ಕಪ್ಪಿನಾಗ ನೋಡಕೋತ "ಮನ್ಯಾಗ ಅಡಿಗಿ ಮಾಡತಾಳ್ರಿ" ಅಂದ್ರಿ. ಬಾಜೂಕ ಕುಂತ ಹೆಡ್‌ಮಾಸ್ತರ್ ಹಣಮಂತಪ್ಪನವರು, ನಮ್ಮ ಲಗ್ನದಾಗ ಅಕ್ಕಿಕಾಳು ಹಾಕಿದವರು, ತಲಿ ತಗ್ಗಿಸಿದ್ರು. ನಾ ಅಂದದ್ದು ಇಷ್ಟ: "ಹೌದ್ರಿ, ಇವರ ಕೈಲೆ ತಾಳಿ ಕಟ್ಟಿಸಿಕೊಂಡೇ ಅಡಿಗಿಗೆ ನಿಂತೇನಿ." ಅದರಾಗ ಸುಳ್ಳು ಏನಿತ್ತು? ನೀವು ಮನಿಗೂ ಬರಲಾರದ ಬಸ್ ಹತ್ತಿದ್ರಿ. ನಿಮ್ಮ ಅವ್ವ ಸಂಜಿತನಕ ತಾಟು ಮುಂದಿಟಗೊಂಡು ಕುಂತಿದ್ರು.

ಎಂಟು ವರ್ಷದ ಹಿಂದ ಸಿಡುಬು ಮೊದಲ ಬಂದದ್ದು ನಿಮ್ಮ ಅವ್ವಗ. ಬೇವಿನ ಸೊಪ್ಪು ಹಾಸಿ ಜತನ ಮಾಡಿದಾಕಿ ನಾನು; ಹದಿನೈದು ದಿನಕ್ಕ ನನಗೂ ಬಂತು. ನನ್ನ ಮುಖದಾಗಿನ ಸಿಡುಬಿನ ಕಲಿ ಅವರ ಮುಖದಾಗೂ ಅದಾವ. ಅವರ ಕಾಲಿಗೆ ಬೀಳತೀರಿ, ನನ್ನ ಕಂಡ್ರ ಗ್ವಾಡಿ ಕಡೆ ಮುಖ ತಿರುವತೀರಿ. ಇಷ್ಟು ಮಂದಿ ಶ್ಯಾಣ್ಯಾರು ಇಷ್ಟು ನೂರು ವರ್ಷ ತಲಿ ಕೆಡಿಸಿಕೊಂಡದ್ದು ನಿಮ್ಮಂಥವರ ಬಾಯಿಗೆ ಮಾತು ಕೊಡಾಕೇನು? ಪಾಪ, ಆ ಶ್ಯಾಣ್ಯಾರನ್ನ ನೆನಸಿದ್ರ ಕನಿಕರ ಬರತದ. ನಿಮ್ಮ ಮ್ಯಾಲೆ ಅದೂ ಬರೂದಿಲ್ಲ.

ಕ್ಷಮಾ ಕೇಳೂದಿಲ್ಲ. ತವರಿಗೂ ಹೋಗೂದಿಲ್ಲ. ನಿಮ್ಮ ಗ್ರಂಥ ಲಗೂನ ಅಚ್ಚಾಗಲಿ, ಮಂದಿ ಶಾಲು ಹೊದಸಲಿ. ಹೊಟ್ಟಿ ತುಂಬ ಉಣ್ರಿ.

ಇಂತಿ,
ರಾಮವ್ವ

ತಾ.ಕ.: ಟಪಾಲಿನವ ಬಂದು ನಿಂತಾನ, ಗಡಬಡಿಲೆ ಬರಿಯಾಕತ್ತೇನಿ. ಮಾಸ್ತರಕಿ ಟ್ರೇನಿಂಗ್ ಪಾಸಾಗೇನಿ. ಎರಡು ವರ್ಷದಾಗ ನೀವು ಊರಿಗೆ ಬಂದದ್ದು ಎರಡ ಸಲ, ನಿಮಗ ಗೊತ್ತಾಗಲಿಲ್ಲ. ಬರೂ ಸೋಮವಾರದಿಂದ ಸಿರಸಂಗಿ ಸಾಲ್ಯಾಗ ನೌಕರಿ, ಅಲ್ಲೇ ಇರಾಕ ಬಾಡಗಿ ಖೋಲಿ ಹಿಡದೇನಿ. ನಿಮ್ಮ ಅವ್ವಗ "ಪುಣೆಗೆ, ಮಗನ ಕಡೆ ಕಳಸಲೇನ್ರಿ?" ಅಂತ ಕೇಳಿದೆ. ಎದ್ದು ಹೋಗಿ ತಮ್ಮ ಎರಡೂ ಸೀರಿ ತಂದು ನನ್ನ ಟ್ರಂಕಿನಾಗ ಇಟ್ರು.