ಅಕ್ಕ ಇಟ್ಟ ಹತ್ತು ಬೀಜ

೨೨ ಮೇ ೧೯೮೪, ರಾಯಚೂರು

ಇಂದೂ ಗಬ್ಬೂರಿನ ಬಸ್ಸು ತಡ. ಹಳ್ಳಿಗರ ಸುಖ ಅಳೆಯುವ ಸರ್ವೆ ಅರ್ಧಕ್ಕೇ ನಿಂತಿತು. ನಿಮ್ಮ ಸುಖ ಎಷ್ಟು ಎಂದರೆ ಜನ ನಗುತ್ತಾರೆ. ಅದಕ್ಕೇ ಅವರ ಮುಂದೆ ಹತ್ತು ಹುಣಸೆ ಬೀಜ ಇಡುವುದು. ಬಾಳು ಬೇಕಾದ ಹಾಗೇ ಇದ್ದರೆ ಹತ್ತೂ ತಟ್ಟೆಗೆ, ಇಲ್ಲದಿದ್ದರೆ ಕಡಿಮೆ. ನನ್ನದೇ ಉಪಾಯ. ಸರ್ವೆ ಮಾಡಿಸುತ್ತಿರುವ ಧಾರವಾಡದ ಪ್ರೊಫೆಸರ್ ಭೇಷ್ ಎಂದು ಬರೆದಿದ್ದಾರೆ. ಬೇಕಾದದ್ದು ಸಿಕ್ಕಷ್ಟು ಸುಖ — ಎಕನಾಮಿಕ್ಸ್‌ನಲ್ಲಿ ನಾನೂ ಕಾಲೇಜಿನ ಹುಡುಗರಿಗೆ ಹೇಳುವ ಪಾಠ ಇದೇ. ಬೇಕು ಅನ್ನುವುದೇ ಬದಲಾದರೆ ಸರ್ ಎಂದು ಒಬ್ಬ ಕೇಳಿದ್ದ. ಸಿಲಬಸ್‌ನಲ್ಲಿಲ್ಲ ಎಂದು ಬಾಯಿ ಮುಚ್ಚಿಸಿದೆ.

೨೭ ಮೇ, ಮಾನ್ವಿ

ಅಕ್ಕನ ಮನೆ. ಅಕ್ಕ ಗುರುಶಾಂತಮ್ಮ ಈಗ ರೈಸ್ ಮಿಲ್ ಮಾಲೀಕರ ಹೆಂಡತಿ. ಊಟವಾದ ಮೇಲೆ ತಮಾಷೆಗೆ ಬೀಜ ಅವಳ ಮುಂದೂ ಇಟ್ಟೆ. ಹತ್ತೂ ತಟ್ಟೆಗೆ ಹಾಕಿದಳು. ಯೋಚಿಸಲೂ ಇಲ್ಲ.

ನನಗೆ ನಗು ಬರಲಿಲ್ಲ. ದೇವದುರ್ಗದಲ್ಲಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಪಾಸಾಗಿ, ಕಾಲೇಜಿಗೆ ಕಳಿಸಿ ಎಂದು ಅನ್ನ ಬಿಟ್ಟು ಕೂತವಳು. ಅಪ್ಪ ಕೇಳಲಿಲ್ಲ, ಇಲ್ಲಿಗೆ ಮದುವೆ ಮಾಡಿಕೊಟ್ಟ. ಆವತ್ತು ಒಂದು ಬೀಜವನ್ನೂ ಇಡುತ್ತಿರಲಿಲ್ಲ. ಕಾಲೇಜಂತೂ ಸಿಗಲಿಲ್ಲ, ಈಗ ಹತ್ತು. ನನ್ನ ಲೆಕ್ಕ ಇದನ್ನು ಏಳಿಗೆ ಎನ್ನುತ್ತದೆ! ಓದಬೇಕು ಅನ್ನಿಸುವುದಿಲ್ಲವೇ ಎಂದೆ.

"ಆ ಆಸೆ ಸತ್ತು ಹೋತು ತಮ್ಮಾ. ಸಾಯೂ ತನಕ ಭಾಳ ಕಾಡ್ತು. ಈಗ ಆರಾಮ ಅದೀನಿ."

ಅದೇ ದಿನ, ಸಂಜೆ

ಅಕ್ಕನ ಮಗಳು ಬಸಲಿಂಗಿ ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ಶಾಲೆಗೇ ಮೊದಲು. ಹೈಸ್ಕೂಲಿಗೆ ಯಾವಾಗ ಸೇರಿಸುತ್ತೀರಿ ಎಂದು ಭಾವನನ್ನು ಕೇಳಿದೆ. ನಿಮ್ಮ ಅಕ್ಕನನ್ನೇ ಕೇಳಿ ಎಂದರು. ಬೇಡ ಎಂದದ್ದು ಅಕ್ಕ. ನನ್ನ ಅಕ್ಕ!

"ನನ್ನ ಎಸ್ಸೆಸ್ಸೆಲ್ಸಿ ತನಕ ಓದಿಸಿದ್ರು, ಅದಕ್ಕ ಅಷ್ಟು ತ್ರಾಸಾತು. ಇಕಿನ್ನ ಈಗ ಬಿಡಿಸಿದ್ರ ಲಗೂನ ಮರೀತಾಳ. ನಾಳೆ ಇಕೀನೂ ಹತ್ತೂ ಇಡ್ತಾಳ. ನಿನ್ನ ಲೆಕ್ಕದಾಗ ತಪ್ಪೇನದ?"

ಸಿಟ್ಟಿನಿಂದ ಹೇಳಿದ್ದಲ್ಲ, ಮಗಳ ಮೇಲಿನ ಅಕ್ಕರೆಯಿಂದ. ಅದೇ ಭಯ ನನಗೆ. ಅವಳನ್ನಾದರೂ ಓದಿಸಬಹುದಲ್ಲ ಎಂದೆ. ಹೈಸ್ಕೂಲ್ ಮುಗಿದ ಮೇಲೆ ಕಾಲೇಜಿಗೆ ಯಾರು ಬಿಡುತ್ತಾರೆ ಎಂದಳು. ಭಾವ ಪೇಪರಿನ ಹಾಳೆ ತಿರುವಿದರು. ಬಸಲಿಂಗಿ ಹಿತ್ತಲಲ್ಲಿ ಬಿಕ್ಕುತ್ತಿದ್ದಳು.

೩೦ ಮೇ, ರಾಯಚೂರು

ಪ್ರೊಫೆಸರ್‌ಗೆ ಟ್ರಂಕ್ ಕಾಲ್ ಮಾಡಿದೆ. ಆಸೆಯನ್ನೇ ಸಾಯಿಸಿ ಸುಖವಾಗಿದ್ದೇನೆ ಎನ್ನುವವರಿಗೆ ಎಷ್ಟು ಬರೆದುಕೊಳ್ಳಲಿ ಸರ್? ಹೇಳಿದಷ್ಟು ಬರೆದುಕೋ, ನಾವು ನ್ಯಾಯಾಧೀಶರಲ್ಲ ಎಂದರು.

೧೮ ಜೂನ್, ಮಾನ್ವಿ, ಸಂಜೆ ನಾಲ್ಕೂವರೆ

ಅಡ್ಮಿಷನ್‌ಗೆ ಇಂದೇ ಕೊನೆ. ಐದಕ್ಕೆ ಆಫೀಸ್ ಬಂದ್. ಬೆಳಿಗ್ಗೆಯಿಂದ ಅಕ್ಕನ ಬೆನ್ನು ಬಿಡಲಿಲ್ಲ. ಕೊನೆಗೆ ಮೆತ್ತಗಾದಳು — ಮಗಳು ಹ್ಞೂಂ ಅಂದರೆ ಕರೆದುಕೊಂಡು ಹೋಗು ಎಂದಳು. ಗೆದ್ದೆ ಅಂದುಕೊಂಡೆ.

ಬಸಲಿಂಗಿ ರೊಟ್ಟಿ ಬಡಿಯುತ್ತಿದ್ದಳು. ಹೊರಡು, ಹೈಸ್ಕೂಲಿಗೆ ಸೇರಿಸುತ್ತೇನೆ ಎಂದೆ. ಕೈ ನಿಲ್ಲಲಿಲ್ಲ.

"ನನಗ ಸಾಲಿ ಬ್ಯಾಡ ಮಾಮಾ. ಆರಾಮ ಅದೀನಿ."

ಅಕ್ಕನಿಗೆ ವರ್ಷಗಳೇ ಹಿಡಿದವು. ಇವಳಿಗೆ ಮೂರು ವಾರ ಸಾಕಾಯಿತು! ನಿಜವೋ, ಕಲಿತದ್ದನ್ನು ಒಪ್ಪಿಸಿದಳೋ — ಮುಖ ನೋಡಿದರೆ ತಿಳಿಯುವುದಿಲ್ಲ. ಬಾಗಿಲಲ್ಲಿದ್ದ ಅಕ್ಕ ಬೆಚ್ಚಿಬಿದ್ದಳು. ಇಷ್ಟು ಬೇಗ ಎಂದು ಅವಳೂ ಎಣಿಸಿರಲಿಲ್ಲ.

ಪಡಸಾಲೆಗೆ ಬಂದು ಬರೆಯುತ್ತಿದ್ದೇನೆ. ಯಾವ ಬಸಲಿಂಗಿಯನ್ನು ನಂಬಲಿ, ಅಂದು ಹಿತ್ತಲಲ್ಲಿ ಬಿಕ್ಕಿದವಳನ್ನೋ, ಇಂದು ಆರಾಮ ಅಂದವಳನ್ನೋ? ಬೇಡ ಅಂದವಳನ್ನು ಕೈ ಹಿಡಿದು ಎಳೆದೊಯ್ಯಲೇ... ರೊಟ್ಟಿಯ ಸದ್ದು ನಿಂತಿದೆ. ಒಳಗೆ ಅಳುತ್ತಿರುವವಳು ಅಕ್ಕ. ಸಮಾಧಾನ ಮಾಡುತ್ತಿರುವವಳು ಬಸಲಿಂಗಿ. ಇನ್ನು ಕೂತರೆ ಆಫೀಸ್ ಮುಚ್ಚುತ್ತದೆ, ನಾನು ಈಗ —