ಕಿತ್ತುಹಾಕಿದ ಗಂಡು ಹೂಗಳು

ಜುಲೈ ೧೨, ಗುರುವಾರ

ನಾಳೆ ಬೆಳಗ್ಗೆ ಶಾಲೆಯ ಕುಂಬಳ ಬಳ್ಳಿಯ ಮೊದಲ ಹೆಣ್ಣು ಹೂ ಅರಳುತ್ತದೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಪರಾಗ ಕೊಡಲು ಬಳ್ಳಿಯಲ್ಲಿ ಒಂದೂ ಗಂಡು ಹೂ ಉಳಿದಿಲ್ಲ.

"ಗಂಡು ಹೂ ಕಾಯಿ ಬಿಡುವುದಿಲ್ಲ" ಎಂದು ನಿನ್ನೆ ಏಳನೇ ತರಗತಿಗೆ ಹೇಳಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಪರಾಗದ ಮಾತು ಉಳಿದುಹೋಯಿತು. ಇವತ್ತು ನಾನು ಕೈತೋಟಕ್ಕೆ ಹೋಗುವಷ್ಟರಲ್ಲಿ ಮುಂದಿನ ಬೆಂಚಿನ ಮಾತಿನಮಲ್ಲಿ ಬುಟ್ಟಿ ತುಂಬ ಹೂವು, ಮೊಗ್ಗು ಹಿಡಿದು ನಿಂತಿದ್ದಳು. "ಮಿಸ್, ಈ ದಂಡಪಿಂಡಗಳನ್ನೆಲ್ಲ ಕಿತ್ತುಹಾಕಿದ್ವಿ!"

ಮಾಲಿ ನಕ್ಕುಬಿಟ್ಟ. "ಇವಿಲ್ದೆ ಕಾಯಿ ಹೇಗಮ್ಮ ಕಚ್ಚುತ್ತೆ? ಬಳ್ಳಿ ಕೆಡಿಸಿಬಿಟ್ಯಲ್ಲ!"

ಇಡೀ ತರಗತಿ ಅವಳತ್ತ ತಿರುಗಿತು. ಅವಳು ನನ್ನ ಮುಖ ನೋಡಿದಳು. ನಾನು ಹಾಜರಿ ಪುಸ್ತಕ ತೆರೆದು ಹೆಸರು ಕೂಗತೊಡಗಿದೆ.

ನಾನು ರಾತ್ರಿ ಓದುವ ಅನುವಾದಿತ ಕಾದಂಬರಿಗಳಲ್ಲಿ ಒಂದು ವಾಕ್ಯ ಬಿಟ್ಟುಹೋಗಿದ್ದರೂ ನನಗೆ ತಿಳಿಯುತ್ತದೆ. ನನ್ನ ಪಾಠದಲ್ಲಿ ಬಿಟ್ಟುಹೋದ ವಾಕ್ಯವೂ ಆ ಕ್ಷಣವೇ ತಿಳಿದಿತ್ತು. ಆದರೂ ತಪ್ಪನ್ನು ಅವಳ ತಲೆಯ ಮೇಲೇ ಬಿಟ್ಟೆ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಅವಳ ತಾರಸಿಯಲ್ಲಿ ಗಂಡು ಹೂ ಬಿಟ್ಟ ಕುಂಬಳ ಬಳ್ಳಿಯಿದೆ. "ಒಂದು ಹೂವಿಗೆ ಇಷ್ಟು ಗಾಬರಿನಾ? ಬೆಳಗ್ಗೆ ಆರಕ್ಕೆ ಬಾರೇ, ಕಿತ್ಕೊಂಡು ಹೋಗು" ಎಂದಳು.

ಹೂ ಸಿಗುತ್ತದೆ. ಕಾಯಿ ಕಚ್ಚಲೂಬಹುದು. ಅದಕ್ಕೂ ಮೊದಲು ತರಗತಿಯ ಮುಂದೆ ನಿಂತು "ತಪ್ಪು ನನ್ನದು" ಎನ್ನಬೇಕು. ಇಲ್ಲೇ ಎರಡು ಸಲ ಹೇಳಿ ನೋಡಿದೆ, ಎರಡು ಸಲವೂ "ಗಂಟೆ ಹೊಡೆದುಬಿಟ್ಟಿತು" ಎಂದು ಸೇರಿಸಿಬಿಟ್ಟೆ. ಅವಮಾನದಿಂದ ಆ ಹುಡುಗಿ ನಾಳೆ ಶಾಲೆಗೇ ಬರದಿದ್ದರೆ?