ಕಿಟಕಿಯ ಹಳೇ ಬಣ್ಣ

ಬಾಲ್ಟಿಮೋರ್, ಮಾರ್ಚ್ 9

ನಾಳೆ ಟೆಸ್ಟ್ ಇದ್ದರೂ ಬರೆಯುತ್ತಿದ್ದೇನೆ, ಕ್ಷಮಿಸು ಡೈರಿ. ಅಕ್ಕನಿಗೆ ಸರ್‌ಪ್ರೈಸ್ ಕೊಡೋಣವೆಂದು, ಹೊಸ ಬಣ್ಣ ಬಳಿಯಲು ನಿನ್ನೆ ಕಿಟಕಿಯ ಹಳೇ ಬಣ್ಣವನ್ನು ನೀರು ಸೋಕಿಸದೆ ಸ್ಯಾಂಡ್‌ಪೇಪರಿನಿಂದ ಉಜ್ಜಿದೆ. ಅವಳ ಮಗ ಡೆಸ್ಮಂಡ್ ಪಕ್ಕದಲ್ಲೇ ತೆವಳುತ್ತಿದ್ದ. ಬೀದಿ ಮೆಟ್ಟಿಲ ಮೇಲೆ ಕುಳಿತಿದ್ದ ಕೆಳಮನೆಯ ಮಿಸ್ ವರ್ಲೀನ್, ಉದುರುವ ಪುಡಿ ಕಂಡು ಓಡಿ ಬಂದರು.

“ನಿಲ್ಸೇ ಹುಡುಗಿ! ಸೀಸದ ಬಣ್ಣ ದೇಶದಲ್ಲೆಲ್ಲ ನಿಂತಿದ್ದೇ ಎಪ್ಪತ್ತೆಂಟರಲ್ಲಿ. ಈ ಮನೆ ನನಗಿಂತ ಹಳೇದು. ಆ ಪುಡಿ ಮಗು ಹೊಟ್ಟೆಗೆ ಹೋದ್ರೆ ವಿಷ. ಕಾಲೇಜಲ್ಲಿ ಇಷ್ಟೂ ಹೇಳ್ಕೊಡಲ್ವಾ?”

ಬೈಯುತ್ತಲೇ ಮಗುವಿನ ಕೈ ತೊಳೆದರು, ಒದ್ದೆಬಟ್ಟೆಯಿಂದ ನೆಲ ಒರೆಸಿದರು, ಇಂದು ಕ್ಲಿನಿಕ್ಕಿಗೂ ಜೊತೆಗೆ ಬಂದರು. ಅವರ ತಮ್ಮ ಚಿಕ್ಕಂದಿನಲ್ಲಿ ಇಂಥದೇ ಬಣ್ಣದ ಚಕ್ಕೆ ತಿನ್ನುತ್ತಿದ್ದನಂತೆ. ಆ ಸೀಸ ಮಿದುಳಿಗೆ ಹತ್ತಿ, ಕೊನೆವರೆಗೂ ಓದಲು ಕಲಿಯಲೇ ಇಲ್ಲ.

“ಆಗ ನಿಲ್ಸು ಅನ್ನೋರು ಯಾರೂ ಇರ್ಲಿಲ್ಲ ಮಗಳೇ.”

ನಮಗೆ ಅವರಿದ್ದರು. ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಡೆಸ್ಮಂಡ್‌ನ ರಕ್ತ ಸೀಸದ ಪರೀಕ್ಷೆಗೆ ಕೊಟ್ಟಾಗಿದೆ. ಕ್ಲಿನಿಕ್ಕಿನ ನರ್ಸಮ್ಮಾ, ರಿಪೋರ್ಟ್ ಬಂದ ತಕ್ಷಣ ಫೋನ್ ಮಾಡಿ.